ಕರಿದಂಟಿನ ಬೀಜ

ನಾಲ್ಕನೆಯ ಗಿಡದ ತುದಿಯೂ ಹೋಯಿತು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೊಗ್ಗಿನ ಗೊಂಚಲು ಟಕ್ಕೆಂದು ಮುರಿದು ಮರಳಿನ ಮೇಲೆ ಬಿತ್ತು. ಪೂವಕ್ಕ ಐದನೆಯ ಗಿಡದ ಕಡೆಗೆ ಸರಿದಳು. ಅವಳ ಮುಖ ಮಾತ್ರ ಗಿಡಗಳ ಕಡೆಗೆ ಇರಲೇ ಇಲ್ಲ. ಅಂಗಳದ ನಡುವಿನ ಮೋಟುಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಆಯಿಷಮ್ಮನ ಕಡೆಗಿತ್ತು.

"ಮತ್ತೆ ಮನೆ ಧಣಿ ಅರ್ಬಾಬ್ ಎಂತ ಹೇಳಿದ?"

"ಎಂತ ಹೇಳುವುದು, ಖಲಾಸ್ ಅಂದ. ಮಾರ್ಚ್ ಮುಗಿಯುವುದರೊಳಗೆ ಎರಡು ಮನೆಯವರೂ ಖಾಲಿ ಮಾಡ್ಬೇಕಂತೆ. ಈ ಸಾಲಿನ ಹಳೆ ವಿಲ್ಲಾ ಎಲ್ಲ ಒಡೆದು ದೊಡ್ಡ ಬಿಲ್ಡಿಂಗ್ ಕಟ್ತಾನಂತೆ. ಏಷ್ಯನ್ ಗೇಮ್ಸ್ ನೋಡ್ಲಿಕ್ಕೆ ಬಂದವರಿಗೆ ಮಲಗ್ಲಿಕ್ಕೆ ಜಾಗ ಬೇಡವಾ?"

"ನಮಗೆ ಬೇಡವಾ ಮಲಗ್ಲಿಕ್ಕೆ?"

"ನಾವು ಗೇಮ್ಸ್ ನೋಡುವವರಾ ಮಾರಾಯ್ತಿ? ನನ್ನ ಯಜಮಾನರಿಗೆ ಕೇರಂಬೋರ್ಡೇ ಸರಿ ಕಾಣುವುದಿಲ್ಲ."

ಇಬ್ಬರೂ ನಕ್ಕರು. ನಗುತ್ತಿರುವಾಗಲೇ ಐದನೆಯ ಮೊಗ್ಗು ಟಕ್ಕೆಂದಿತು. ಆಯಿಷಮ್ಮನ ನಗು ಅರ್ಧಕ್ಕೆ ನಿಂತಿತು. ಕೈಯಲ್ಲಿದ್ದ ಒದ್ದೆ ಲುಂಗಿಯನ್ನು ಹಾಗೆಯೇ ಹಿಡಿದುಕೊಂಡು ಅವಳು ಗೋಡೆಯ ಹತ್ತಿರ ಬಂದಳು.

"ಪೂವಕ್ಕ, ನಿನ್ನ ಕೈ ನೋಡು."

ಪೂವಕ್ಕ ನೋಡಿದಳು. ಎರಡು ಬೆರಳುಗಳಿಗೂ ಕಪ್ಪು ಅಂಟು ಹತ್ತಿತ್ತು. ಆಮೇಲೆ ಹಿಂದಕ್ಕೆ ತಿರುಗಿದಳು. ಐದು ಗಿಡ, ಐದಕ್ಕೂ ತಲೆಯಿಲ್ಲ.

"ಅಯ್ಯೋ! ಬೀಜಕ್ಕೆ ಬಿಟ್ಟದ್ದು!"

ಹೊಗೆಸೊಪ್ಪು ಬೆಳೆಸುವುದು ಎಲೆಗಾಗಿ. ಗಿಡ ಎದೆಯೆತ್ತರಕ್ಕೆ ಬಂದು ತುದಿಯಲ್ಲಿ ಮೊಗ್ಗು ಕಟ್ಟಿತೆಂದರೆ ಅದನ್ನು ಚಿವುಟಿ ಎಸೆಯಬೇಕು, ಆಗ ಸಾರವೆಲ್ಲ ಎಲೆಗೆ ಇಳಿಯುತ್ತದೆ. ಕುಂಬಳೆಯ ಹತ್ತಿರದ ತಾಯಿಮನೆಯ ಮರಳುಗದ್ದೆಯಲ್ಲಿ ಪೂವಕ್ಕನ ಬೆರಳುಗಳು ಈ ಕೆಲಸವನ್ನು ಎಷ್ಟು ಚೆನ್ನಾಗಿ ಕಲಿತಿದ್ದವೆಂದರೆ, ಆಮೇಲೆ ಅವುಗಳಿಗೆ ತಲೆಯ ಅಪ್ಪಣೆ ಬೇಕಾಗಲಿಲ್ಲ. ಪೂವಕ್ಕ ಮದುವೆಯಾಗಿ ದೋಹಾಕ್ಕೆ ಬಂದಳು, ಗಲ್ಫಿನ ಹೆಂಗಸಾದಳು, ಸೂಪರ್‌ಮಾರ್ಕೆಟ್ಟಿನಲ್ಲಿ ಟ್ರಾಲಿ ತಳ್ಳಲು ಕಲಿತಳು. ಬೆರಳುಗಳು ಮಾತ್ರ ಕುಂಬಳೆಯಲ್ಲೇ ಉಳಿದಿದ್ದವು. ವೀಸಾ ಇಲ್ಲದೆ ಇಲ್ಲಿ ಓಡಾಡುತ್ತಿದ್ದವು.

ತಾಯಿಮನೆಯಲ್ಲಿ ಇದಕ್ಕೊಂದು ಕಟ್ಟಳೆಯಿತ್ತು. ಬೀಜಕ್ಕೆಂದು ಬಿಟ್ಟ ಗಿಡದ ಕೊರಳಿಗೆ ಹಳೆಯ ಸೀರೆಯ ಪಟ್ಟಿಯೊಂದನ್ನು ಕಟ್ಟುತ್ತಿದ್ದರು. ಮಾತಾಡುತ್ತ ಸಾಲಿನಲ್ಲಿ ಹೋಗುವವರ ಕೈ ಬಟ್ಟೆ ಕಂಡ ಕೂಡಲೇ ಹಿಂದೆ ಸರಿಯುತ್ತಿತ್ತು. ದೋಹಾದಲ್ಲಿ ಬಟ್ಟೆ ಯಾಕೆ ಎಂದುಕೊಂಡಿದ್ದಳು ಪೂವಕ್ಕ. ಗಂಡ ದೇಜಪ್ಪ ಏಸಿ ಮೆಕ್ಯಾನಿಕ್, ಅವನ ಬೆರಳಿಗೆ ಸ್ಕ್ರೂ ಬಿಟ್ಟರೆ ಬೇರೆ ಗೊತ್ತಿಲ್ಲ. ಮಗಳು ನಿಶ್ಮಿತಾ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಫೋನ್ ಎತ್ತುವವಳು, ಮಣ್ಣು ಮುಟ್ಟುವುದೇ ಇಲ್ಲ. ಮದೀನತ್ ಖಲೀಫಾದ ಈ ಹಿತ್ತಿಲಿಗೆ ಬಂದು ಹೊಗೆಸೊಪ್ಪಿನ ತಲೆ ಚಿವುಟುವವರು ಯಾರು?

ಒಬ್ಬಳನ್ನು ಮರೆತಿದ್ದಳು.

ಸಂಜೆ ಕೆಲಸದಿಂದ ಬಂದ ದೇಜಪ್ಪ ಬೂಟು ಕಳಚುವ ಮೊದಲೇ ಸುದ್ದಿ ಕೇಳಿ ಮೆಟ್ಟಿಲ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಕಾವಲಿಗೆ ಕೂತವಳೇ ಕದ್ದದ್ದಾ! ನನಗೆ ಮೊನ್ನೆ ಒಂದು ಎಲೆ ಮುಟ್ಟಿದ್ದಕ್ಕೆ ಎಷ್ಟು ಬೈದಿ?"

"ನೀವು ನಗಿ. ನಿಮಗೆ ಎಂತ ಗೊತ್ತು?"

"ನಗುವುದಲ್ಲದೆ ಎಂತ ಮಾಡುವುದು? ಹೋಗಿ ತಲೆ ಅಂಟಿಸ್ಲಿಕ್ಕೆ ಆಗ್ತದಾ? ನನ್ನ ಹತ್ರ ಸಿಲಿಕೋನ್ ಉಂಟು ಬೇಕಿದ್ರೆ."

ಪೂವಕ್ಕನಿಗೂ ನಗು ಬಂತು, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಯಾಕೆಂದರೆ ಈ ಬೀಜ ಬೇರೆಲ್ಲೂ ಇರಲಿಲ್ಲ. ದಂಟು ಕಪ್ಪಗಿರುತ್ತದೆಂದು ತಾಯಿಮನೆಯವರು ಅದನ್ನು ಕರಿದಂಟು ಎನ್ನುತ್ತಿದ್ದರು. ಊರಿನಲ್ಲಿ ಬೀಜ ತುಂಬಿದ ತೆಂಗಿನ ಗೆರಟೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತ ಮಳೆಗಾಲ ಕಳೆಯುತ್ತಿತ್ತು. ಗ್ಯಾಸ್ ಒಲೆ ಬಂತು, ಹೊಗೆ ನಿಂತಿತು, ಆ ವರ್ಷದ ಮಳೆಗೆ ಬೀಜ ಬೂಸಲು ಹಿಡಿಯಿತು. ಅಣ್ಣ ಗದ್ದೆಗೆ ಕಲ್ಲಂಗಡಿ ಹಾಕಿದ. ಉಳಿದದ್ದು ಪೂವಕ್ಕ ಹೊಸ ಮದುಮಗಳಾಗಿ ಬರುವಾಗ ಕುಂಕುಮದ ಭರಣಿಯ ಪಕ್ಕ ಕಟ್ಟಿಕೊಂಡು ತಂದ ಚಿಟಿಕೆ ಮಾತ್ರ. ಅದನ್ನೇ ಅವಳು ಎರಡು ಮೂರು ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಬಿತ್ತಿ, ಹೊಸ ಬೀಜ ಮಾಡಿ, ಮತ್ತೆ ಮುಚ್ಚಿಡುತ್ತಿದ್ದಳು. ಈ ಸಲ ತಡವಾಗಿತ್ತು. ಬೀಜಕ್ಕೆ ವಯಸ್ಸಾಗಿತ್ತು. ಇದ್ದದ್ದನ್ನೆಲ್ಲ ನಯ ಮರಳಿನಲ್ಲಿ ಕಲಸಿ ಚೆಲ್ಲಿದರೆ ಬಂದದ್ದು ಐದು ಗಿಡ. ಮೊನ್ನೆ ಫೋನಿನಲ್ಲಿ ಅಣ್ಣ ತಾನಾಗಿ ಕೇಳಿದ್ದ: "ಪೂವಾ, ಜೂನಿನಲ್ಲಿ ಬರುವಾಗ ಕರಿದಂಟು ಸ್ವಲ್ಪ ತರ್ತೀಯಾ? ಪಡುವಣದ ಪಟ್ಟೆ ಖಾಲಿ ಬಿಡ್ತೇನೆ." ಇಷ್ಟು ವರ್ಷದಲ್ಲಿ ಅಣ್ಣ ಅವಳಿಂದ ಸೆಂಟು, ಟಾರ್ಚು, ನೀಡೋ ಹಾಲಿನ ಪುಡಿ ಕೇಳಿದ್ದ. ತಾಯಿಮನೆಯ ವಸ್ತುವನ್ನೇ ಕೇಳಿದ್ದು ಇದು ಮೊದಲು.

ಮರುದಿನ ಬೆಳಿಗ್ಗೆ ಆಯಿಷಮ್ಮ ಗೋಡೆಯ ಮೇಲೆ ಮೊಣಕೈ ಊರಿ ತೀರ್ಪು ಕೊಟ್ಟಳು. ಅವಳದ್ದು ಉಳ್ಳಾಲದ ಕಡೆಯ ಬ್ಯಾರಿ ಮನೆತನ. ಹೊಗೆಸೊಪ್ಪು ಬೆಳೆಸಿದವಳಲ್ಲ, ಬಾಯಿಗೆ ಹಾಕುವವಳು. ಊಟವಾದ ಮೇಲೆ ವೀಳ್ಯದೆಲೆಯೊಳಗೆ ಕರಿದಂಟಿನ ಒಂದು ಚೂರು ಬೀಳದಿದ್ದರೆ ಅವಳಿಗೆ ಮಧ್ಯಾಹ್ನವೇ ಆಗುತ್ತಿರಲಿಲ್ಲ.

"ತಲೆ ಹೋದ್ರೆ ಹೋಗ್ಲಿ. ಬಗಲಲ್ಲಿ ಮರಿ ಬರ್ತದಲ್ಲ? ಅದು ಹೂ ಬಿಡುವುದಿಲ್ವಾ?"

"ಬಿಡ್ತದೆ. ಆದ್ರೆ ತಡ ಆಗ್ತದೆ. ಮರಿ ಬೆಳೆದು, ಹೂ ಬಂದು, ಕಾಯಿ ಕಟ್ಟಿ ಒಣಗುವಾಗ ಏಪ್ರಿಲ್ ಹೋಗ್ತದೆ. ಅಷ್ಟರಲ್ಲಿ ಬಿಸಿಗಾಳಿ ಬಂದ್ರೆ ಕಾಯಿಯೊಳಗೆ ಬೀಜ ತುಂಬುವುದೇ ಇಲ್ಲ, ಬರೀ ಹೊಟ್ಟು."

"ಮತ್ತೆ ಮನೆಯೂ ಒಡೀತಾರೆ."

"ಅದೂ ಉಂಟು."

"ನೋಡುವ," ಎಂದಳು ಆಯಿಷಮ್ಮ. "ನೀನು ಮೊದಲು ನಿನ್ನ ಕೈಯನ್ನು ಬಗಲಲ್ಲಿ ಇಟ್ಕೋ."

ಅದು ಸುಲಭವಿರಲಿಲ್ಲ. ಎಲೆಯ ಬುಡದಲ್ಲಿ ಮೂಡುವ ಮರಿಚಿಗುರನ್ನೂ ಬೆಳೆಗಾರರು ಕಂಡಕಂಡಲ್ಲಿ ಕಿತ್ತು ಹಾಕುತ್ತಾರೆ. ಈಗ ಅವೆಲ್ಲ ತಲೆಯೆತ್ತಿ ನಿಂತಿದ್ದವು, ಪೂವಕ್ಕ ಅವುಗಳ ನಡುವೆ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಶಾಲೆಯ ಇನ್ಸ್‌ಪೆಕ್ಟರನಂತೆ ನಡೆಯುತ್ತಿದ್ದಳು. ನಿಶ್ಮಿತಾ ಕಿಟಕಿಯಿಂದ ನೋಡಿ ಮೊಬೈಲಿನಲ್ಲಿ ಫೋಟೋ ಹೊಡೆದಳು.

"ಅಮ್ಮ, ಸೀರಿಯಸ್ಲಿ, ಇದು ಟೊಬ್ಯಾಕೋ. ನಮ್ಮ ಕ್ಲಿನಿಕ್ಕಿಗೆ ಬರುವವರ ಬಾಯಿ ನೋಡಿದ್ರೆ ನೀವು ಊಟ ಮಾಡುವುದಿಲ್ಲ. ಆಯಿಷಾಂಟಿ, ನಿಮಗೂ ಹೇಳುವುದು."

"ನನಗೆ ಹಲ್ಲೇ ಮೂರು ಉಳಿದದ್ದು ಮಗಳೇ," ಎಂದಳು ಆಯಿಷಮ್ಮ ಗೋಡೆಯಾಚೆಯಿಂದ. "ನಿನ್ನ ಡಾಕ್ಟರಿಗೆ ಎಂತ ಲಾಭ?"

ನಾಲ್ಕು ಗಿಡಗಳ ಮರಿಗಳು ಸೊರಗಿ ಎಲೆಯಾಗಿಯೇ ಉಳಿದವು. ಮೂಲೆಯದ್ದು, ಅಕ್ಕಿ ತೊಳೆದ ನೀರು ಬೀಳುವಲ್ಲಿದ್ದದ್ದು, ಒಂದೇ ಒಂದು ದಪ್ಪ ಕವಲು ಎತ್ತಿತು. ಆ ಕವಲು ಮೊದಲಿನ ತಲೆಗಿಂತಲೂ ಎತ್ತರಕ್ಕೆ ಹೋಯಿತು. ಮೊಗ್ಗು ಕಂಡ ದಿನ ಆಯಿಷಮ್ಮ ಗೋಡೆಯ ಮೇಲಿಂದ ಬಿಳಿ ಬಟ್ಟೆಯೊಂದನ್ನು ಎಸೆದಳು. ಅದು ಅರಬರು ತಲೆಗೆ ಹಾಕುವ ಗುತ್ರಾ. ಅವಳ ಗಂಡ ಅಬೂಬಕರರಿಗೆ ಅರ್ಬಾಬ್ ಹಬ್ಬಕ್ಕೆ ಕೊಟ್ಟದ್ದು. ಅಬೂಬಕರರು ಪಿಕಪ್ಪಿನಲ್ಲಿ ತರಕಾರಿ ಅಂಗಡಿಗಳಿಗೆ ಸರಕು ಹಾಕುವವರು. ಒಮ್ಮೆ ಕನ್ನಡಿಯ ಮುಂದೆ ಅದನ್ನು ಹಾಕಿ ನೋಡಿ, ಕೋಸುಗಡ್ಡೆಗೆ ಕಾಗದ ಸುತ್ತಿದ ಹಾಗೆ ಕಾಣ್ತೇನೆ ಎಂದು ತೆಗೆದಿಟ್ಟಿದ್ದರು.

"ಕಟ್ಟು ಅದನ್ನು ಕೊರಳಿಗೆ. ನಿನ್ನ ಕೈಯ ಮೇಲೆ ನನಗೆ ನಂಬಿಕೆ ಇಲ್ಲ."

ಪೂವಕ್ಕ ಕಟ್ಟಿದಳು. ಹೂ ಬಂತು: ಸಣ್ಣ ಕೊಳವೆಗಳು, ತುದಿಯಲ್ಲಿ ಗುಲಾಬಿ. ದೇಜಪ್ಪ ಪ್ರತಿ ಸಂಜೆ ಬಂದು ಗಿಡಕ್ಕೆ ಸಲಾಂ ಹೊಡೆಯತೊಡಗಿದ. "ಎಂತ ಅಳಿಯಂದಿರೇ, ಸೌಖ್ಯವಾ?" ಗುತ್ರಾ ಕಟ್ಟಿಕೊಂಡು ಸೆಟೆದು ನಿಂತ ಗಿಡ ಅಳಿಯನ ಹಾಗೆಯೇ ಉತ್ತರ ಕೊಡುತ್ತಿರಲಿಲ್ಲ. ನಿಶ್ಮಿತಾ ಮಾತ್ರ ಸಿಟ್ಟಾಗುತ್ತಿದ್ದಳು: "ಡ್ಯಾಡಿ, ಅದನ್ನು ಅಳಿಯ ಅನ್ಬೇಡಿ ಪ್ಲೀಸ್."

ಮನೆಗಳು ಸಿಕ್ಕಿದವು. ದೇಜಪ್ಪನ ಕಂಪನಿ ಅಲ್ ಥುಮಾಮಾದಲ್ಲಿ ನೆಲದ ಮನೆ ಕೊಟ್ಟಿತು; ಹಿಂದೆ ಚಾಪೆ ಹಾಸುವಷ್ಟು ಅಂಗಳ, ಮೇಲೆ ವಿಮಾನ. ಅಬೂಬಕರರಿಗೆ ಅಲ್ ಮನ್ಸೂರಾದಲ್ಲಿ ಹೋಟೆಲಿನ ಮೇಲಿನ ಮೂರನೆಯ ಮಾಳಿಗೆ. ಬಾಲ್ಕನಿ ಇಲ್ಲ. "ದೋಸೆಯ ಪರಿಮಳ ಫ್ರೀ," ಎಂದರು ಅಬೂಬಕರರು. ಗೋಡೆಯ ಎರಡೂ ಕಡೆ ರಟ್ಟಿನ ಪೆಟ್ಟಿಗೆಗಳು ಪೇರಿದವು. ಹದಿನೈದು ವರ್ಷ ಆ ಗೋಡೆಯ ಮೇಲೆ ಮೀನಿನ ಸಾರು ಹೋಗಿತ್ತು, ಅಕ್ಕಿರೊಟ್ಟಿ ಪತ್ತಿರ್ ಬಂದಿತ್ತು, ಜ್ವರದ ಮಾತ್ರೆ, ಮದುವೆಯ ಸಿಡಿ, ಒಂದು ಸಲ ಆಯಿಷಮ್ಮನ ಮೊಮ್ಮಗುವೂ. ಈಗ ಇಬ್ಬರು ಹೆಂಗಸರೂ ಅದರ ಆಚೀಚೆ ನಿಂತು ಗಿಡದ ವಿಷಯ ಮಾತಾಡುತ್ತಿದ್ದರು. ಬೇರೆ ಯಾವುದರ ವಿಷಯವೂ ಅಲ್ಲ.

ಬೀದಿಯ ತುದಿಯಲ್ಲಿ ಹಳದಿ ಬುಲ್ಡೋಜರ್ ಬಂದು ನಿಂತ ದಿನ ಕಾಯಿಗಳಿನ್ನೂ ಹಸಿರು.

"ಕೊಯ್ದು ತಗೊಂಡು ಹೋಗುವ," ಎಂದ ದೇಜಪ್ಪ.

"ಹಸಿ ಕಾಯಿ ಕೊಯ್ದರೆ ಧೂಳು ಸಿಗ್ತದೆ, ಬೀಜ ಸಿಗುವುದಿಲ್ಲ. ಬೇರು ಸಮೇತ ಹೋಗ್ಬೇಕು."

"ಇಷ್ಟು ದೊಡ್ಡ ಗಿಡವಾ? ಬದುಕ್ತದಾ ಅದು?"

"ನಾನು ಬದುಕಲಿಲ್ವಾ? ನನ್ನನ್ನೂ ದೊಡ್ಡವಳಾದ ಮೇಲೆಯೇ ಕಿತ್ತು ತಂದದ್ದು ನೀವು."

ದೇಜಪ್ಪ ಸೈಟಿನಿಂದ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ ತಂದು ಅರ್ಧಕ್ಕೆ ಕೊಯ್ದ.

ಶುಕ್ರವಾರ ಬೆಳಿಗ್ಗೆ ಅಗೆತ ಶುರುವಾಯಿತು. ಪೂವಕ್ಕ ದೊಡ್ಡ ಎಲೆಗಳನ್ನೆಲ್ಲ ಮುರಿದಳು, ಬೇರಿಗೆ ಭಾರ ಕಡಿಮೆಯಾಗಲೆಂದು. ಆಯಿಷಮ್ಮ ಅವನ್ನು ಮಗುವಿನ ಬಟ್ಟೆಯಂತೆ ಮಡಿಸಿ ತನ್ನ ಪೆಟ್ಟಿಗೆಗೆ ತುಂಬಿಕೊಂಡಳು. ಬುಡದ ಸುತ್ತ ಅಗಲವಾಗಿ ಅಗೆದು, ಮಣ್ಣಿನ ಗಡ್ಡೆಗೆ ಒದ್ದೆ ಗೋಣಿ ಸುತ್ತಿ, ನಾಲ್ಕು ಜನ ಹಿಡಿದು ಡ್ರಮ್ಮಿಗೆ ಇಳಿಸಿದರು. ಆಗ ಗೊತ್ತಾಯಿತು, ಡ್ರಮ್ಮು ಇವರ ಓಣಿಯಲ್ಲಿ ತೂರುವುದಿಲ್ಲ. ಪಿಕಪ್ಪು ನಿಂತದ್ದು ಅಬೂಬಕರರ ಗೇಟಿನಲ್ಲಿ. ನಡುವೆ ಗೋಡೆ.

ದೇಜಪ್ಪ ಗೋಡೆಯನ್ನು ನೋಡಿದ. ಅಬೂಬಕರರು ದೇಜಪ್ಪನನ್ನು ನೋಡಿದರು.

"ಹೇಗೂ ನಾಳೆ ಒಡೀತಾರಲ್ಲ ಅಬೂಬಕರಾಕ."

"ಒಡೀತಾರೆ."

"ಅರ್ಬಾಬ್ ಬೈದ್ರೆ?"

"ಅವನ ಕೂಲಿ ಉಳಿಸಿದ್ದಕ್ಕೆ ಚಾ ಕುಡಿಸ್ಬೇಕು ಅವನು. ಯಲ್ಲಾ, ಸುತ್ತಿಗೆ ತನ್ನಿ ದೇಜಪ್ಪಣ್ಣ."

ಸುತ್ತಿಗೆಯ ಮೂರು ಏಟಿಗೆ ಮೋಟುಗೋಡೆ ಸೋತಿತು. ಒಳಗೆ ಸಿಮೆಂಟೇ ಇರಲಿಲ್ಲ, ಬರೀ ಮರಳು. ಧೂಳು ಅಡಗಿದಾಗ ಎರಡು ಅಂಗಳ ಒಂದಾಗಿತ್ತು; ಅಷ್ಟು ದೊಡ್ಡ ಅಂಗಳ ಅಲ್ಲಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಆಯಿಷಮ್ಮ ಇಟ್ಟಿಗೆಗಳ ಮೇಲೆ ಹೆಜ್ಜೆಯಿಟ್ಟು ಪೂವಕ್ಕನ ಕಡೆಗೆ ಬಂದಳು, ಮತ್ತೆ ತನ್ನ ಕಡೆಗೆ ಹೋದಳು, ಪುನಃ ಬಂದಳು.

"ಅಲ್ಲಾ, ಇಷ್ಟು ವರ್ಷ ರಸ್ತೆ ಸುತ್ತಿ ಬಂದೆವಲ್ಲ ನಾವು! ಒಂದು ಸುತ್ತಿಗೆ ಇರ್ಲಿಲ್ವಾ ಇವರ ಹತ್ರ?"

ನಿಶ್ಮಿತಾ ನಕ್ಕು ನಕ್ಕು ಇಟ್ಟಿಗೆಯ ರಾಶಿಯ ಮೇಲೆ ಕುಳಿತುಬಿಟ್ಟಳು. ಅಲ್ಲೇ, ಆ ದೊಡ್ಡ ಅಂಗಳದಲ್ಲಿ, ಪೆಟ್ಟಿಗೆಗಳ ಮೇಲೆ ಚಾ ಇಟ್ಟುಕೊಂಡು ಎಲ್ಲರೂ ಕುಡಿದರು.

ಪಿಕಪ್ಪು ಹೊರಟಿತು. ಮುಂದೆ ಅಬೂಬಕರರು, ಪಕ್ಕದಲ್ಲಿ ಪೂವಕ್ಕ. ಹಿಂದೆ ಡ್ರಮ್ಮನ್ನು ಅಪ್ಪಿಕೊಂಡು ಕುಳಿತ ದೇಜಪ್ಪ. ಗಾಳಿಗೆ ಕಾಯಿ ಉದುರದಂತೆ ಗುತ್ರಾವನ್ನು ತಲೆಯ ಸುತ್ತ ಸುತ್ತಿ ಕಟ್ಟಿದ್ದರು. ಡಿ ರಿಂಗ್ ರಸ್ತೆಯ ತಿರುವಿನಲ್ಲಿ ಪೊಲೀಸ್ ಗಾಡಿ ಹಿಂದೆ ಬಂದು ದೀಪ ಮಿನುಗಿಸಿತು. ಅಬೂಬಕರರು ಬದಿಗೆ ನಿಲ್ಲಿಸಿ, "ನೀನು ಮಾತಾಡ್ಬೇಡ, ನಾನು ನೋಡ್ಕೊಳ್ತೇನೆ," ಎಂದು ಪೂವಕ್ಕನಿಗೆ ಹೇಳಿ ಇಳಿದರು. ಪೂವಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡಿದಳು. ಗಿಡ ಇಳಿಸಿ ಎಂದರೆ? ಈ ಬಿಸಿಲಿನಲ್ಲಿ ಅರ್ಧ ಗಂಟೆ ನಿಂತರೆ ಮುಗಿಯಿತು.

ಪೊಲೀಸ್ ಎಳೆಯ ಹುಡುಗ. ಅವನು ಪಿಕಪ್ಪಿನ ಹಿಂದೆ ಬಂದು ಬಿಳಿ ಬಟ್ಟೆಯ ತಲೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದ.

"ಇದು ಮನುಷ್ಯನಲ್ಲ," ಎಂದ ಅರಬಿಯಲ್ಲಿ.

"ಅಲ್ಲ," ಎಂದರು ಅಬೂಬಕರರು ಅಷ್ಟೇ ಗಂಭೀರವಾಗಿ. "ಗಿಡ."

"ನಾನು ಯಾರೋ ಹಿರಿಯರನ್ನು ಹಿಂದೆ ನಿಲ್ಲಿಸಿಕೊಂಡು ಹೋಗ್ತಿದ್ದೀರಿ ಅಂದುಕೊಂಡೆ. ಗಿಡಕ್ಕೆ ಗುತ್ರಾ ಯಾಕೆ?"

ಅಬೂಬಕರರು ಒಂದು ಕ್ಷಣ ಯೋಚಿಸಿದರು. "ಬಿಸಿಲು," ಎಂದರು. "ಅದಕ್ಕೆ ರೂಢಿಯಿಲ್ಲ, ಹೊಸದಾಗಿ ಮನೆ ಬದಲಾಯಿಸ್ತಾ ಉಂಟು."

ಹುಡುಗ ನಗದಿರಲು ತುಂಬ ಪ್ರಯತ್ನಿಸಿದ. ಆಮೇಲೆ ದೇಜಪ್ಪನತ್ತ ಬೆರಳು ತೋರಿಸಿ, ಹಿಂದೆ ಮನುಷ್ಯ ಕೂರುವಂತಿಲ್ಲ, ಗಿಡ ಬೇಕಾದರೆ ನಿಲ್ಲಲಿ ಎಂದ. ಡ್ರಮ್ಮನ್ನು ಹಗ್ಗದಿಂದ ಬಿಗಿದು ದೇಜಪ್ಪ ಟ್ಯಾಕ್ಸಿ ಹಿಡಿಯಬೇಕಾಯಿತು. "ಅಳಿಯ ಗಾಡಿಯಲ್ಲಿ, ಮಾವ ಟ್ಯಾಕ್ಸಿಯಲ್ಲಿ," ಎಂದು ಅವನು ಮುಂದೆ ಎಷ್ಟೋ ಜನರಿಗೆ ಹೇಳಿದ.

ಹೊಸ ಅಂಗಳದಲ್ಲಿ ಗಿಡ ಮುನಿಸಿಕೊಂಡಿತು. ಉಳಿದ ಎಲೆಗಳು ಒದ್ದೆ ಬಟ್ಟೆಯಂತೆ ಜೋತವು. ಪೂವಕ್ಕ ಗೋಣಿಯ ಚಪ್ಪರ ಕಟ್ಟಿದಳು, ಬುಡಕ್ಕೆ ನೀರು ಹೊಯ್ದಳು, ಹೊಯ್ಯದೆ ಕಾದಳು, ವಿಮಾನ ತಲೆಯ ಮೇಲೆ ಹೋದಾಗಲೆಲ್ಲ ನಡುಗುವ ಗಿಡವನ್ನು ಕೈಯಿಂದ ಹಿಡಿದು ನಿಂತಳು. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಮೇಲಿನ ಎಲೆ ಎದ್ದು ನಿಂತಿತ್ತು. ಅವಳು ಕೂಡಲೇ ಅಲ್ ಮನ್ಸೂರಾಕ್ಕೆ ಫೋನ್ ಮಾಡಿದಳು.

"ಎದ್ದಿತು!"

"ಯಾರು, ದೇಜಪ್ಪಣ್ಣನಾ?"

"ಗಿಡ ಮಾರಾಯ್ತಿ!"

"ಅಲ್‌ಹಂದುಲಿಲ್ಲಾ. ದೇಜಪ್ಪಣ್ಣ ಏಳುವುದು ಅಷ್ಟು ದೊಡ್ಡ ಸಂಗತಿ ಅಲ್ಲ."

ಪ್ರತಿ ಶುಕ್ರವಾರ ಆಯಿಷಮ್ಮ ಬರತೊಡಗಿದಳು. ಗಂಡನಿಗೆ ಗಾಡಿ ತಿರುಗಿಸಲು ಹೇಳಿ, ಕೆಳಗಿನ ಹೋಟೆಲಿನಿಂದ ದೋಸೆ ಕಟ್ಟಿಸಿಕೊಂಡು, ಮುಂಬಾಗಿಲಿನಲ್ಲಿ ಚಪ್ಪಲಿ ಬಿಟ್ಟು ನೇರ ಹಿಂದಿನ ಅಂಗಳಕ್ಕೆ. ಮೊದಲು ಕಾಯಿ, ಆಮೇಲೆ ಯೋಗಕ್ಷೇಮ. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಕಾಯಿಗಳ ಮೇಲೆ ಅವಳು ಕನ್ನಡಕ ಏರಿಸಿ ಬಾಗುತ್ತಿದ್ದಳು. "ಇದು ಹಳದಿ ಆಗಿದೆ. ಇದು ಇಲ್ಲ. ಇದಕ್ಕೆ ಸೋಮಾರಿತನ." ಒಂದು ಗಂಟೆ ಇರುತ್ತೇನೆಂದು ಬಂದವಳು ಸಂಜೆಯ ಮಗ್‌ರಿಬ್ ಬಾಂಗಿನವರೆಗೆ ಇರುತ್ತಿದ್ದಳು. ಅಬೂಬಕರರು ಹಾಲ್‌ನಲ್ಲಿ ದೇಜಪ್ಪನ ಜೊತೆ ಕೇರಂ ಆಡಿ ಸೋಲುತ್ತಿದ್ದರು.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಆಕಾಶ ಚಹಾದ ಬಣ್ಣಕ್ಕೆ ತಿರುಗಿತು. ಕಿಟಕಿಯ ಗಾಜಿಗೆ ಮರಳು ಚಿಮ್ಮಿತು. ಬಾಗಿಲು ತೆರೆದ ಪೂವಕ್ಕನ ಮುಖಕ್ಕೆ ಇಸ್ತ್ರಿಪೆಟ್ಟಿಗೆಯಂಥ ಗಾಳಿ ಬಡಿಯಿತು. ದೇಜಪ್ಪ ಕೆಲಸದಲ್ಲಿದ್ದ. ಗೋಣಿಯ ಚಪ್ಪರ ಒಂದು ಬದಿಯಿಂದ ಕಿತ್ತುಕೊಂಡು ಬಾವುಟದಂತೆ ಹಾರುತ್ತಿತ್ತು, ಗಿಡ ಅರ್ಧ ಬಾಗಿತ್ತು. ಅವಳು ಎರಡೂ ಕೈಗಳಲ್ಲಿ ಡ್ರಮ್ಮನ್ನು ಹಿಡಿದು ಕೂಗಿದಳು. ರಜೆಯಲ್ಲಿದ್ದ ನಿಶ್ಮಿತಾ ರಾತ್ರಿಯುಡುಪಿನಲ್ಲೇ ಓಡಿ ಬಂದಳು.

"ಫೋನ್ ಮಾಡು! ಆಯಿಷಮ್ಮನಿಗೆ!"

"ಈಗವಾ?"

"ಈಗಲೇ!"

ನಿಶ್ಮಿತಾ ಮೊಬೈಲನ್ನು ತಾಯಿಯ ಕಿವಿಗೆ ಒತ್ತಿ ಹಿಡಿದಳು.

"ಗಾಳಿ ಬಂತು! ಕೊಯ್ಯಲಾ?"

"ಕಾಯಿ ಬಣ್ಣ ಎಂತ?"

"ಹೆಚ್ಚಿನದ್ದು ಕಂದು. ತುದಿಯದ್ದು ಹಸಿರೇ ಉಂಟು."

"ಇನ್ನೆರಡು ದಿನ ನಿಲ್ತದಾ?"

"ಗಾಳಿ ಕೇಳುವುದಿಲ್ವಾ ನಿನಗೆ?"

"ಹಾಗಾದ್ರೆ ಕೊಯ್ಯಿ ಮಾರಾಯ್ತಿ! ನನ್ನನ್ನು ಎಂತ ಕೇಳುವುದು? ನಾನು ಬರೀ ತಿನ್ನುವವಳು!"

ಕತ್ತರಿ ತರಲು ಪುರುಸೊತ್ತಿರಲಿಲ್ಲ. ನಿಶ್ಮಿತಾ ಒಳಗೋಡಿ ಅಡುಗೆಮನೆಯ ಚೂರಿ ತಂದಳು, ಕೊಡುತ್ತಾಳೆಂದು ಪೂವಕ್ಕ ಕೈ ಚಾಚಿದರೆ ಹುಡುಗಿ ತಾನೇ ಬಾಗಿ ದಂಟಿಗೆ ಚೂರಿಯಿಟ್ಟಳು. "ಇಲ್ಲಿಯಾ?" "ಇನ್ನು ಕೆಳಗೆ. ಉದ್ದ ಬಿಡು. ದಂಟಿನಲ್ಲಿರುವ ನೀರಿನಲ್ಲೇ ಉಳಿದ ಕಾಯಿ ಹಣ್ಣಾಗ್ಬೇಕು." ಕಪ್ಪು ದಂಟು ಗಟ್ಟಿಯಿತ್ತು. ಹುಡುಗಿಯ ಕೈಗೆ ಅಂಟು ಹತ್ತಿತು, ಕೂದಲಿಗೆ ಮರಳು ಹತ್ತಿತು, ಅವಳು ಏನೇನೋ ಇಂಗ್ಲಿಷಿನಲ್ಲಿ ಬೈಯುತ್ತಿದ್ದಳು. ದಂಟು ಬಿಟ್ಟುಕೊಂಡಾಗ ಇಬ್ಬರೂ ಅದನ್ನು ಗುತ್ರಾ ಸಮೇತ ಗಾಯಾಳುವಿನಂತೆ ಎತ್ತಿ ಒಳಗೆ ತಂದು ಬಾಗಿಲು ಒದ್ದು ಮುಚ್ಚಿದರು.

ನಿಶ್ಮಿತಾ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಳು. "ನಾನು ಟೊಬ್ಯಾಕೋ ಸೇವ್ ಮಾಡಿದೆ," ಎಂದಳು. "ಕ್ಲಿನಿಕ್ಕಿನಲ್ಲಿ ಯಾರಿಗೂ ಹೇಳ್ಬೇಡಿ."

ಸಂಜೆ ಬಂದ ದೇಜಪ್ಪ ಹಾಲ್‌ನ ಪರದೆಯ ಸರಳಿನಲ್ಲಿ ತಲೆಕೆಳಗಾಗಿ ತೂಗುತ್ತಿದ್ದ ಗಿಡವನ್ನು ನೋಡಿದ. ತಲೆಗೆ ಕಾಗದದ ಚೀಲ ಕಟ್ಟಿತ್ತು, ಒಡೆದ ಕಾಯಿಯಿಂದ ಬೀಜ ಚೆಲ್ಲದಂತೆ.

"ಅಳಿಯನಿಗೆ ಈ ಮರ್ಯಾದೆಯಾ!" ಎಂದ.

ಈ ಸಲ ನಿಶ್ಮಿತಾ ಸಿಟ್ಟಾಗಲಿಲ್ಲ. "ಫ್ಯಾನ್ ಹಾಕ್ಬೇಡಿ ಡ್ಯಾಡಿ, ಡಿಸ್ಟರ್ಬ್ ಆಗ್ತದೆ," ಎಂದಳು.

ಎರಡು ವಾರ ಕಳೆದು ಬಂದ ಶುಕ್ರವಾರ, ಚೀಲವನ್ನು ಅಲುಗಿಸಿದರೆ ಒಳಗೆ ಸಣ್ಣ ಮಳೆಯಂಥ ಸದ್ದು. ಪೂವಕ್ಕ ಊಟದ ಮೇಜಿನ ಮೇಲೆ ಪೇಪರು ಹಾಸಿದಳು. ಏಸಿ ಆರಿಸಿದರು, ಯಾರೂ ಸೀನಬಾರದೆಂದು ಆಯಿಷಮ್ಮ ಅಪ್ಪಣೆ ಮಾಡಿದಳು. ತುದಿಯ ಕಾಯಿಗಳೂ ಕಂದಾಗಿದ್ದವು. ಪೂವಕ್ಕ ಒಂದನ್ನು ಬೆರಳುಗಳ ನಡುವೆ ಒತ್ತಿದಳು. ಸಿಪ್ಪೆ ಬಿರಿಯಿತು. ಕಾಫಿಪುಡಿಯಂಥದ್ದು ಕಾಗದದ ಮೇಲೆ ಸುರಿಯಿತು.

ಹೊಟ್ಟೋ ಬೀಜವೋ? ಅವಳು ಅಂಗೈಗೆ ತೆಗೆದುಕೊಂಡು ಮೆಲ್ಲಗೆ ಊದಿದಳು. ತಿಳಿಬಣ್ಣದ ಸಿಪ್ಪೆ ಹಾರಿತು. ಕಪ್ಪು ಕಣಗಳು ಅಲ್ಲೇ ಕುಳಿತಿದ್ದವು. ಇನ್ನೊಮ್ಮೆ ಊದಿದಳು. ಕದಲಲಿಲ್ಲ.

"ತುಂಬಿದೆ," ಎಂದಳು. ಸ್ವರ ಎಲ್ಲಿಂದ ಬಂತೆಂದು ಅವಳಿಗೇ ಗೊತ್ತಾಗಲಿಲ್ಲ. "ಎಲ್ಲ ತುಂಬಿದೆ!"

ದೇಜಪ್ಪ ಕೇರಂ ಸ್ಟ್ರೈಕರಿನಿಂದ ಹಲಗೆ ಬಡಿದು ಚೆಂಡೆ ಬಾರಿಸಿದ. ನಿಶ್ಮಿತಾ ಮೊಬೈಲಿನಲ್ಲಿ ಬೀಜದ ಫೋಟೋ ಹೊಡೆದಳು. ಪರದೆಯ ಮೇಲೆ ಏನೂ ಕಾಣಲಿಲ್ಲ, ಬರೀ ತಾಯಿಯ ಅಂಗೈಯ ಗೆರೆಗಳು. ಕಾಯಿಯ ಮೇಲೆ ಕಾಯಿ ಒಡೆದರು. ಸುರಿದದ್ದನ್ನು ನೋಡಿದರೆ ಕುಂಬಳೆಯ ಗದ್ದೆಗಳಿಗೆಲ್ಲ ಸಾಕಾಗಿ ಮಿಗುವಷ್ಟಿತ್ತು. ಆಯಿಷಮ್ಮ ಮೇಜಿನ ಅಂಚಿನಲ್ಲಿ ಗಲ್ಲವಿಟ್ಟು, ಮೂರು ಹಲ್ಲು ತೋರಿಸುತ್ತ, ಹೊಟ್ಟನ್ನು ಬೇರೆ ಮಾಡುತ್ತಿದ್ದಳು.

"ಅಂತೂ ಮುಗಿಯಿತು," ಎಂದರು ಅಬೂಬಕರರು ಸೋಫಾದಿಂದ. "ಇನ್ನು ಶುಕ್ರವಾರ ಈ ಕಡೆ ಗಾಡಿ ತಿರುಗಿಸುವ ಕೆಲಸ ಇಲ್ಲ. ಪೆಟ್ರೋಲು ಉಳಿಯಿತು ನನಗೆ."

ಆಯಿಷಮ್ಮನ ಬೆರಳು ಹೊಟ್ಟಿನ ಮೇಲೆ ನಿಂತಿತು, ಮತ್ತೆ ಚಲಿಸಿತು.

ಪೂವಕ್ಕ ಅಡುಗೆಮನೆಯಿಂದ ತೊಳೆದು ಒಣಗಿಸಿದ ಎರಡು ಸಣ್ಣ ಬಾಟಲಿ ತಂದಳು. ಕಾಗದವನ್ನು ಕೊಳವೆ ಮಾಡಿ ಒಂದಕ್ಕೆ ತುಂಬಿದಳು, ಮುಚ್ಚಿದಳು. ಇನ್ನೊಂದಕ್ಕೂ ಅಷ್ಟೇ ತುಂಬಿದಳು. ಅದನ್ನು ಆಯಿಷಮ್ಮನ ಮುಂದೆ ಇಟ್ಟಳು.

"ಇದು ನಿನ್ನದು. ಇನ್ನು ಒಂದೇ ಗಿಡದ ಮೇಲೆ, ಒಂದೇ ಕೈಯ ಮೇಲೆ ನಿಲ್ಲುವುದು ಬೇಡ. ನನ್ನದು ಹಾಳಾದ್ರೆ ನಿನ್ನದು ಇರ್ತದೆ. ಅಲ್ ಮನ್ಸೂರಾದಲ್ಲಿ ಟೆರೇಸಿನ ಮೇಲೆ ಬಕೆಟಿನಲ್ಲಿ ಹಾಕಿದ್ರೂ ಬರ್ತದೆ. ನಾನು ಹೇಳಿಕೊಡ್ತೇನೆ, ಕಷ್ಟ ಇಲ್ಲ."

ಆಯಿಷಮ್ಮ ಬಾಟಲಿಯನ್ನು ನೋಡಿದಳು. ಎತ್ತಿ ಬೆಳಕಿಗೆ ಹಿಡಿದು ಒಮ್ಮೆ ಅಲುಗಿಸಿದಳು. ಅದನ್ನು ಮೇಜಿನ ಮೇಲೆ ಹಿಂದಕ್ಕೆ ಸರಿಸಿದಳು, ಪೂವಕ್ಕನ ಬಾಟಲಿಗೆ ತಾಗುವವರೆಗೆ.

"ನನಗೆ ಬೇಡ."

"ಎಂತ ಬೇಡ? ತಿನ್ನುವವಳು ನೀನೇ ಅಲ್ವಾ?"

"ತಿನ್ನುವವಳು ನಾನೇ. ಬಿತ್ತುವವಳು ನೀನು. ಅಕ್ಟೋಬರಿನಲ್ಲಿ ಇಲ್ಲಿ ಬಿತ್ತು, ಪ್ರತಿ ಶುಕ್ರವಾರ ನಾನು ಬಂದು ನೋಡ್ತೇನೆ."

"ಇರ್ಲಿ ಮಾರಾಯ್ತಿ, ಒಂದು ಚಿಟಿಕೆಯಾದ್ರೂ ತಗೊಂಡು ಹೋಗು."

"ಬೇಡ," ಎಂದಳು ಆಯಿಷಮ್ಮ.